ಮೂವರಿಗೆ ಒಂದೇ ಬಟ್ಟಲು

ಹೋದ ತಿಂಗಳು ಹಾಸನದಲ್ಲಿ ಮೊಮ್ಮಗಳು ನನ್ನನ್ನು ಹೊಸದಾಗಿ ತೆರೆದ ಒಂದು ಕೆಫೆಗೆ ಎಳೆದುಕೊಂಡು ಹೋದಳು. ಎಂಟನೇ ಕ್ಲಾಸಿನ ಹುಡುಗಿ, ಮೆನು ಕೂಡ ನೋಡದೆ ಆರ್ಡರ್ ಮಾಡಿದಳು. ಉದ್ದನೆಯ ಗಾಜಿನ ಲೋಟದಲ್ಲಿ ಐಸ್ ಹಾಕಿದ ಹಸಿರು ಪಾನೀಯ ಬಂತು. "ಮಾಚಾ ಅಜ್ಜಿ, ಜಪಾನಿನ ಟೀ. ಒಂದೇ ಒಂದು ಸಿಪ್ಪು" ಎಂದು ತಾನು ಅರ್ಧ ಹೀರಿದ್ದ ಲೋಟವನ್ನು ನನ್ನ ಬಾಯಿಗೇ ಹಿಡಿದಳು. ಅವಳ ಸ್ಟ್ರಾಗೆ ಬಾಯಿ ಹಚ್ಚಿ ನಾನು ಕುಡಿದೆ. ಒಣಗಿದ ಹುರುಳಿ ಸೊಪ್ಪಿನಂಥ ಆ ವಾಸನೆ ಮೂಗಿಗೆ ಹತ್ತಿದ ಮೇಲೆಯೇ ನಾನು ಮಾಡಿದ್ದೇನು ಅಂತ ನನಗೆ ತಿಳಿದದ್ದು. ಕಣ್ಣಲ್ಲಿ ನೀರು ಬಂತು. "ಅಷ್ಟು ಕಹೀನಾ ಅಜ್ಜಿ?" ಎಂದು ಅವಳು ನಕ್ಕಳು. ಹೌದು, ಕಹಿ ಅಂದೆ.

ಚಂದ್ರಮ್ಮ ಹೋಗಿ ಎರಡು ವರ್ಷವಾಯಿತು. ಇಪ್ಪತ್ತೆಂಟು ವರ್ಷ ನಾವಿಬ್ಬರೂ ಹೊಳೆನರಸೀಪುರದ ಒಂದೇ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ನಾನು ವಿಜ್ಞಾನ, ಅವಳು ಸಮಾಜ. ಅವಳದು ಅರಕಲಗೂಡಿನ ಹತ್ತಿರದ ಹಳ್ಳಿ, ಹೊಗೆಸೊಪ್ಪು, ಶುಂಠಿ ಬೆಳೆಯುವ ಮನೆ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಒಂದೊಂದು ಬೇರೆ ಕಾರಣ ಹೇಳಿ ನಗಿಸುತ್ತಿದ್ದಳು. ನಮ್ಮ ಬೀದಿಯ ಹಿಂದಿನ ಬೀದಿಯಲ್ಲೇ ಬಾಡಿಗೆಗಿದ್ದಳು. ನಾನು ದೇವಸ್ಥಾನದ ಬೀದಿಯವಳು. ಅಪ್ಪ ಪೂಜೆ ಮಾಡುತ್ತಿದ್ದವರು, ಮಾವನವರೂ ಅದೇ.

ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಕರೆಂಟ್ ಒಲೆಯಿತ್ತು. ಹನ್ನೊಂದು ಗಂಟೆಯ ಇಂಟರ್ವಲ್ಲಿಗೆ ಚಂದ್ರಮ್ಮನೇ ಟೀ ಮಾಡಬೇಕು. ಯಾರೂ ಅವಳಿಗೆ ಆ ಕೆಲಸ ಒಪ್ಪಿಸಿದ್ದಲ್ಲ, ಬೇರೆಯವರು ಮಾಡಿದರೆ ಅವಳಿಗೆ ಆಗುತ್ತಿರಲಿಲ್ಲ. ಶುಂಠಿಯನ್ನು ಮನೆಯಿಂದಲೇ ಜಜ್ಜಿಕೊಂಡು ತರುತ್ತಿದ್ದಳು. ಎಲ್ಲರಿಗೂ ಗಾಜಿನ ಲೋಟ. ನನ್ನದು ಮಾತ್ರ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದ ಸ್ಟೀಲ್ ಲೋಟ, ಹೆಸರು ಕೊರೆಸಿದ್ದು. ಅದನ್ನೂ ನಾನು ಕಚ್ಚಿ ಕುಡಿಯುತ್ತಿರಲಿಲ್ಲ, ಎತ್ತಿ ಗಂಟಲಿಗೆ ಸುರಿದುಕೊಳ್ಳುತ್ತಿದ್ದೆ. ಬಿಸಿ ಟೀಯನ್ನು ಒಂದು ಹನಿ ಚೆಲ್ಲದೆ ಹಾಗೆ ಕುಡಿಯುವುದು ಸುಲಭವಲ್ಲ. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. "ಇವ್ಳು ಟೀ ಕುಡಿಯಲ್ಲ ಕಣ್ರೀ, ಒಳಗಿರೋ ದೇವ್ರಿಗೆ ಅಭಿಷೇಕ ಮಾಡ್ತಾಳೆ" ಎಂದು ಚಂದ್ರಮ್ಮ ಎಲ್ಲರೆದುರಿಗೆ ಅನ್ನುತ್ತಿದ್ದಳು. ಎಲ್ಲರ ಜೊತೆ ನಾನೂ ನಗುತ್ತಿದ್ದೆ.

ಅವಳ ತಮ್ಮನ ಮದುವೆಗೆ ಅವರ ಹಳ್ಳಿಗೆ ಹೋಗಿದ್ದಾಗ ಬಾಳೆಹಣ್ಣು, ಎಳನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಅವಳು ಬಲವಂತ ಮಾಡಲೂ ಇಲ್ಲ. ನಿಮ್ಮನೆ ರೂಢಿ ನಿಮ್ಗೆ, ನಮ್ಮನೇದು ನಮ್ಗೆ, ಅದ್ಕೆ ಜಗ್ಳ ಯಾಕೆ ಅನ್ನುವುದು ಅವಳ ಮಾತು. ಅವಳಿಗೆ ಬೇಜಾರಿಲ್ಲ ಅಂತಲೇ ನಾನು ಇಪ್ಪತ್ತೆಂಟು ವರ್ಷ ತಿಳಿದಿದ್ದೆ. ಬೇಜಾರಿದೆಯೇ ಅಂತ ಒಂದು ಸಲವೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಉತ್ತರ ಕೇಳಿಸಿಕೊಳ್ಳಬೇಕಾಗುತ್ತಿತ್ತಲ್ಲ.

ನಾವು ನಿವೃತ್ತರಾದದ್ದು ಒಂದೇ ವರ್ಷ. ಜೂನಿನಲ್ಲಿ ನಾನು, ಆಗಸ್ಟಿನಲ್ಲಿ ಅವಳು. ಆ ಸಲ ಮಳೆ ಬಿಡದೆ ಹಿಡಿದಿತ್ತು. ಹೇಮಾವತಿ ತುಂಬಿ ಹರಿಯುತ್ತಿದ್ದಳು, ಸೇತುವೆಯ ಮೇಲೆ ದಿನವೂ ಜನ ನಿಂತು ಹೊಳೆ ನೋಡುತ್ತಿದ್ದರು. ನಾವೂ ಸಂಜೆ ಕೊಡೆ ಹಿಡಿದು ಹೋಗಿ ನಿಲ್ಲುತ್ತಿದ್ದೆವು. ಹಾಗೆ ನಿಂತಿದ್ದಾಗಲೇ ಅವಳು ಜಪಾನಿನ ಮಾತೆತ್ತಿದ್ದು. ಯಾವುದೋ ಪೇಪರಿನ ಪುರವಣಿಯಲ್ಲಿ ಓದಿದ್ದಳಂತೆ.

"ಅಲ್ಲಿ ಒಬ್ರಿಗೆ ಟೀ ಕೊಡೋದ್ನ ಕಲಿಯಕ್ಕೆ ಅತ್ತು ಅನ್ನೆರಡು ವರ್ಷ ಬೇಕಂತೆ ಕಣೆ ವೇದಾ. ನಾನೂ ಇಪ್ಪತ್ತೆಂಟು ವರ್ಷ ಕೊಟ್ಟಿವ್ನಿ. ಅವ್ರು ಅದೆಂಗ್ ಕೊಡ್ತಾರೋ ಒಂದ್ಸಲ ಕಣ್ಣಾರೆ ನೋಡ್ಬೇಕು."

"ಟೀ ಕುಡಿಯೋಕೆ ಜಪಾನಿಗೆ ಹೋಗ್ತಾರೇನೆ?"

"ಇನ್ಯಾತಕ್ಕೋಯ್ತಾರೆ? ದೇವಸ್ಥಾನ ನೋಡಕ್ಕಾ? ನಿಮ್ಮನೆ ಬಾಗ್ಲಲ್ಲೇ ಐತೆ, ದೊಡ್ಡಗದ್ದವಳ್ಳಿಗೆ ಮಕ್ಳುನ್ನ ಕರ್ಕಂಡು ಆರು ಸಲ ಓಗಿವ್ನಿ. ಸಾಕು."

ನಾನು ಒಪ್ಪಿಕೊಂಡೆ. ಮೈಸೂರಿನ ಒಂದು ಟೂರಿನವರ ಜೊತೆ, ಹನ್ನೊಂದು ಜನರ ಗುಂಪಿನಲ್ಲಿ ನವೆಂಬರಿನಲ್ಲಿ ಹೊರಟೆವು. ಅದಕ್ಕೆ ಮೊದಲು ಎರಡು ತಿಂಗಳು ಅವಳು ಜಗಲಿಯ ಮೇಲೆ ಮಂಡಿ ಮಡಚಿ ಕೂರುವ ಅಭ್ಯಾಸ ಮಾಡಿದಳು. ಅಲ್ಲಿ ಹಾಗೇ ಕೂರಬೇಕಂತೆ. ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಅಭ್ಯಾಸ ಮಾಡುವುದನ್ನು ನೋಡಿ ಬೀದಿಯವರು, ಮೇಡಂಗೆ ಏನಾಯಿತು ಅಂತ ನನ್ನನ್ನು ಕೇಳುತ್ತಿದ್ದರು.

ಕ್ಯೋಟೊ ಊರಿನಲ್ಲಿ ಮೊದಲ ದಿನ ಟೂರಿನವರು ತೋರಿಸಿದ್ದು ಪ್ರವಾಸಿಗಳಿಗೆಂದೇ ಇರುವ ಚಹಾ. ಹನ್ನೊಂದು ಜನಕ್ಕೂ ಒಂದೊಂದು ಬಟ್ಟಲು, ಮೇಲೆ ಹಸಿರು ನೊರೆ. ಎಲ್ಲರೂ ಫೋಟೊ ತೆಗೆದುಕೊಂಡರು, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ನಾನು ನನ್ನ ಬಟ್ಟಲನ್ನು ಎತ್ತಿ ಕುಡಿದೆ, ಯಾರೂ ಗಮನಿಸಲಿಲ್ಲ. ಚಂದ್ರಮ್ಮನಿಗೆ ಸಮಾಧಾನವಾಗಲಿಲ್ಲ. "ಇದು ಮದ್ವೆ ಮನೆ ಜ್ಯೂಸ್ ಇದ್ದಂಗೈತೆ" ಎಂದು ನನ್ನ ಕಿವಿಯಲ್ಲಿ ಹೇಳಿ, ಗೈಡ್ ಹುಡುಗಿಯ ಬೆನ್ನು ಹತ್ತಿದಳು. ತನ್ನ ಸಮಾಜದ ಮೇಡಂ ಇಂಗ್ಲಿಷಿನಲ್ಲಿ ತಾನು ಇಪ್ಪತ್ತೆಂಟು ವರ್ಷ ಟೀ ಮಾಡಿದ ಕಥೆಯನ್ನೆಲ್ಲ ಹೇಳಿದಳು. ಆ ಹುಡುಗಿಗೆ ಏನನ್ನಿಸಿತೋ, ಚಹಾ ಕಲಿಸುವ ಒಬ್ಬ ಮುದುಕಿಗೆ ಫೋನ್ ಮಾಡಿದಳು. ಮೂರು ಜನ ಬರಬಹುದು ಅಂತ ಉತ್ತರ ಬಂತು. ನಾವಿಬ್ಬರು, ಜೊತೆಗೆ ಗುಂಪಿನಲ್ಲಿದ್ದ ಮೈಸೂರಿನ ಒಬ್ಬ ರಿಟೈರ್ಡ್ ಇಂಜಿನಿಯರು.

ಮರುದಿನ ಹೋದೆವು. ಗಲ್ಲಿಯೊಳಗಿನ ಮನೆ, ಹಿಂದೆ ಪುಟ್ಟ ತೋಟ, ತೋಟದ ತುದಿಯಲ್ಲಿ ಮರದ ಒಂದು ಕೋಣೆ. ಬಾಗಿಲು ಎಷ್ಟು ಚಿಕ್ಕದೆಂದರೆ ತಲೆ ತಗ್ಗಿಸಿದರೆ ಸಾಲದು, ಮಂಡಿಯೂರಿ ತೆವಳಿಯೇ ಒಳಗೆ ಹೋಗಬೇಕು. ಒಳಗೆ ಬಂದವರು ಯಾರೇ ಆಗಲಿ, ದೊಡ್ಡವರು ಚಿಕ್ಕವರು ಅನ್ನುವುದೆಲ್ಲ ಬಾಗಿಲಾಚೆಗೇ ಉಳಿಯಬೇಕು, ಅದಕ್ಕೇ ಇಷ್ಟು ಚಿಕ್ಕ ಬಾಗಿಲು ಅಂತ ಗೈಡ್ ಹುಡುಗಿ ವಿವರಿಸಿದಳು. ನಾನು ತಲೆಯಾಡಿಸಿದೆ. ಇಂಥ ಮಾತಿಗೆ ತಲೆಯಾಡಿಸುವುದರಲ್ಲಿ ನಾನು ನಿಸ್ಸೀಮಳು, ಮಕ್ಕಳಿಗೆ ಭಾಷಣವನ್ನೇ ಮಾಡಿದ್ದೇನೆ.

ಒಳಗೆ ಹುಲ್ಲಿನ ಚಾಪೆ ಹಾಸಿದ ನೆಲ, ಕೆಂಡದ ಮೇಲೆ ಕಬ್ಬಿಣದ ಕೆಟಲು. ಹೊರಗೆ ಮೋಡ ಮುಚ್ಚಿ ಸಣ್ಣಗೆ ಜಿನುಗುತ್ತಿತ್ತು. ಬೆಳಕು ಸಾಲದೆ ಮುದುಕಿಯ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ತೊಳೆದೇ ಇದ್ದ ಬಟ್ಟಲನ್ನು ನಮ್ಮೆದುರಿಗೆ ಮತ್ತೆ ತೊಳೆದಳು, ಒರೆಸಿದಳು. ಬಿದಿರಿನ ಚಮಚವನ್ನು ರೇಷ್ಮೆ ಬಟ್ಟೆಯಲ್ಲಿ ಒರೆಸಿದಳು. ಯಾವುದಕ್ಕೂ ಆತುರವಿಲ್ಲ. ಚಂದ್ರಮ್ಮ ನೋವಾಗುವ ಮಂಡಿಯನ್ನು ಮಡಚಿ ಕೂತು, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ವಿಮಾನದ ಎಸಿ ಗಾಳಿಗೋ ಏನೋ ಎರಡು ದಿನದಿಂದ ಅವಳಿಗೆ ಆಗೊಮ್ಮೆ ಈಗೊಮ್ಮೆ ಕೆಮ್ಮು ಬರುತ್ತಿತ್ತು. ಅಲ್ಲಿ ಅದನ್ನೂ ತಡೆದುಕೊಂಡಿದ್ದಳು.

"ನೋಡೆ," ಎಂದು ಪಿಸುಗುಟ್ಟಿದಳು, "ನಮ್ ಮುಂದೇನೆ ತೊಳೀತಾಳೆ. ಇದ್ರಲ್ಲಿ ಏನೂ ಇಲ್ಲ, ನಂಬ್ಕಂಡು ಕುಡೀರಿ ಅಂತ. ಕೊಡೋದು ಅಂದ್ರೆ ಇದು. ನಂಗ್ ಯಾರೂ ಇಷ್ಟು ಜೋಪಾನ್ವಾಗಿ ಏನೂ ಕೊಟ್ಟಿಲ್ಲ ಕಣೆ." ಅವಳ ಕಣ್ಣು ಒದ್ದೆಯಾಗಿತ್ತು. ಎಲ್ಲರಿಗೂ ಲೋಟ ತುಂಬಿಸಿ ಕೊಟ್ಟು ಕೊನೆಗೆ ತಳದಲ್ಲಿ ಉಳಿದದ್ದನ್ನು ತಾನು ಕುಡಿಯುತ್ತಿದ್ದ ಅವಳನ್ನು ಯಾರೂ ಎದುರಿಗೆ ಕೂರಿಸಿ ಟೀ ಕೊಟ್ಟಿರಲಿಲ್ಲ. ನನಗೆ ಅದು ಆಗ ಹೊಳೆಯಿತು. ಅಷ್ಟು ವರ್ಷದಲ್ಲಿ ಒಂದು ದಿನವಾದರೂ ನಾನು ಎದ್ದು ಆ ಒಲೆಯ ಮುಂದೆ ನಿಲ್ಲಬಹುದಾಗಿತ್ತು.

ಆ ದಿನ ಕೊಡುವುದು ಗಟ್ಟಿ ಚಹಾ ಎಂದು ಗೈಡ್ ಹುಡುಗಿ ಹೇಳಿದಳು. ಅದನ್ನು ಬೇರೆ ಬೇರೆ ಬಟ್ಟಲಲ್ಲಿ ಕೊಡುವುದಿಲ್ಲ. ಮೂವರಿಗೂ ಒಂದೇ ಬಟ್ಟಲು. ಮೊದಲನೆಯವರು ಮೂರು ಗುಟುಕು ಕುಡಿದು, ತುಟಿ ತಾಗಿದ ಜಾಗವನ್ನು ಒರೆಸಿ, ಪಕ್ಕದವರಿಗೆ ಕೊಡಬೇಕು. ಹಾಗೆ ಒಂದೇ ಬಟ್ಟಲಿನಿಂದ ಕುಡಿದವರು ಒಬ್ಬರಿಗೊಬ್ಬರು ಹತ್ತಿರದವರಾಗುತ್ತಾರೆ ಎಂಬುದು ಅವರ ನಂಬಿಕೆ.

ಆ ಕೋಣೆಯಲ್ಲಿ ಇನ್ನೊಂದು ಬಟ್ಟಲು ಎಲ್ಲಾದರೂ ಇದೆಯೇ ಎಂದು ನಾನು ಕಣ್ಣಾಡಿಸಿದೆ.

ಚಂದ್ರಮ್ಮ ಮೊದಲ ಅತಿಥಿ. ಬಟ್ಟಲನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಮೂರು ಗುಟುಕು ಕುಡಿದಳು. ಅದಕ್ಕೆಂದೇ ಕೊಟ್ಟಿದ್ದ ಬಿಳಿ ಕಾಗದ ತೆಗೆದು ಅಂಚನ್ನು ಒಮ್ಮೆ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ನನ್ನ ಮುಖ ನೋಡಿ ಮೂರನೆಯ ಸಲ ಒರೆಸಿದಳು. ಆಮೇಲೆ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ತಲೆ ಬಗ್ಗಿಸಿ ನನ್ನ ಮುಂದೆ ಚಾಚಿದಳು.

ತೆಗೆದುಕೊಂಡೆ. ಕುಡಿಯಬೇಕೆಂದೇ ಇದ್ದೆ, ಇದನ್ನು ಯಾರು ನಂಬಿದರೂ ಬಿಟ್ಟರೂ ಸರಿ. ಆದರೆ ಕೈ ತಾನಾಗಿ ಮೇಲಕ್ಕೆ ಹೋಯಿತು. ಬಟ್ಟಲನ್ನು ಎತ್ತಿ, ಬಾಯಿ ತೆರೆದು ಬಗ್ಗಿಸಿದೆ. ಆ ಚಹಾ ರಾಗಿ ಅಂಬಲಿಗಿಂತ ಗಟ್ಟಿ. ಮೊದಲು ಬರಲೇ ಇಲ್ಲ. ಇನ್ನಷ್ಟು ಬಗ್ಗಿಸಿದಾಗ ಒಂದೇ ಸಲ ಜಾರಿ ಗಲ್ಲದ ಮೇಲೆ, ಸೀರೆಯ ಮೇಲೆ, ಚಾಪೆಯ ಮೇಲೆ ಬಿತ್ತು. ಇಂಜಿನಿಯರು ಫಕ್ಕನೆ ನಕ್ಕುಬಿಟ್ಟರು. ಮುದುಕಿ ಮುಖದಲ್ಲಿ ಏನೂ ತೋರಿಸದೆ ಬಂದು ಚಾಪೆ ಒರೆಸಿದಳು.

ಗೈಡ್ ಹುಡುಗಿ ಗಾಬರಿಯಾಗಿ ನನ್ನನ್ನು ಕೇಳಿದಳು, ತುಂಬಾ ಕಹಿಯಾಯಿತೇ ಎಂದು. ಹೌದು ಅಂದಿದ್ದರೆ ಸಾಕಿತ್ತು. ನಮ್ಮಲ್ಲಿ ಹೀಗೆ ಎತ್ತಿ ಕುಡಿಯುವುದು ಪದ್ಧತಿ ಅಂದಿದ್ದರೂ ಆಗುತ್ತಿತ್ತು. ಜಪಾನಿನ ಆ ಮುದುಕಿಯ ಮುಂದೆ ನಾನು ಅಂಥವಳಾಗಿ ಕಾಣಬಾರದು ಅನ್ನಿಸಿತು. ಬಾಯಿಗೆ ಬಂದದ್ದು ಇಂಗ್ಲಿಷಿನಲ್ಲಿ ಇಷ್ಟು: "ನನ್ನ ಸ್ನೇಹಿತೆಗೆ ಕೆಮ್ಮಿದೆ, ಅದಕ್ಕೆ ಹುಷಾರಾಗಿರೋಣ ಅಂತ."

ಹುಡುಗಿ ಅದನ್ನು ಮುದುಕಿಗೆ ಹೇಳಿದಳು. ಇಂಜಿನಿಯರು ಮೆಲ್ಲಗೆ ಅರ್ಧ ಮೊಳ ಸರಿದು ಕೂತರು. ಮುದುಕಿ ಆ ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋಗಿ, ಬೇರೆ ಬಟ್ಟಲಲ್ಲಿ ಅವರಿಗೆ ಹೊಸದಾಗಿ ಚಹಾ ಮಾಡಿಕೊಟ್ಟಳು. ಆಮೇಲೆ ಒಂದು ಲೋಟ ಬಿಸಿನೀರು ತಂದು, ಬಹಳ ಮರುಕದಿಂದ ಚಂದ್ರಮ್ಮನ ಮುಂದೆ ಇಟ್ಟಳು. ಚಂದ್ರಮ್ಮ ಆ ನೀರನ್ನು ಕುಡಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಟೂರು ಮುಗಿಯುವವರೆಗೆ ಅವಳು ಎಲ್ಲರ ಜೊತೆ ಚೆನ್ನಾಗಿಯೇ ಇದ್ದಳು, ನನ್ನ ಜೊತೆಯೂ. ಬೆಂಗಳೂರಿನಲ್ಲಿ ಇಳಿದು ಇಬ್ಬರೂ ಊರಿನ ಬಸ್ಸು ಹತ್ತಿದೆವು. ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಾಗ ಅವಳು ಇಳಿದು ಹೋಟೆಲಿಗೆ ಹೋಗಿ "ಒಂದ್ ಟೀ" ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಎಲ್ಲಿಗೆ ಹೋದರೂ ನನ್ನನ್ನು ಕೇಳದೆಯೇ ಎರಡು ಟೀ ಹೇಳುತ್ತಿದ್ದವಳು.

"ವೇದಾ, ಒಂದ್ ಮಾತ್ ಕೇಳ್ತೀನಿ," ಅಂದಳು. "ನೀನು ಅವತ್ತು ಎಂಜ್ಲು ಅಂದಿದ್ರೆ ನಂಗೇನಾಗ್ತಿರ್ಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಗೊತ್ತಿರೋದೇ. ನಿಜ ಯೋಳಕ್ಕೆ ನಾಚ್ಕೆ ಆಗಿ ನಂಗೆ ಕಾಯ್ಲೆ ಕಟ್ಬುಟ್ಯಲ್ಲೇ. ಆ ಅಜ್ಜಿ ನಂಗೆ ಬಿಸ್ನೀರು ತಂದು ಕೊಟ್ಲಲ್ಲ, ಅದು ನನ್ ಹೊಟ್ಟೇಲಿ ಇನ್ನೂ ಸುಡ್ತಾ ಐತೆ."

ಅಭ್ಯಾಸಬಲ ಕಣೆ, ನನ್ನ ಗಂಡನ ಲೋಟವನ್ನೂ ನಾನು ಕಚ್ಚಿ ಕುಡಿಯೋದಿಲ್ಲ ಅಂತ ಏನೇನೋ ಹೇಳಿದೆ. ಅದು ಸುಳ್ಳಲ್ಲ. ಆದರೆ ಮೊಮ್ಮಗಳು ಅರ್ಧ ಕುಡಿದು ಬಿಟ್ಟ ಹಾಲನ್ನು ಎಷ್ಟು ಸಲ ಕುಡಿದಿಲ್ಲ? ಇದು ಅವಳಿಗೂ ಗೊತ್ತಿತ್ತು. ಕಂಡಕ್ಟರ್ ಸೀಟಿ ಊದಿದ, ನಾವು ಹತ್ತಿಕೊಂಡೆವು.

ಆ ಚಳಿಗಾಲ ನಾವು ಒಂದೇ ಬೀದಿಯ ಅಂತರದಲ್ಲಿ ಅಪರಿಚಿತರಂತೆ ಕಳೆದೆವು. ಬೆಳಗಿನ ಮಂಜು ಹತ್ತು ಗಂಟೆಯಾದರೂ ಕರಗುತ್ತಿರಲಿಲ್ಲ. ಹಾಲಿಗೆ ಹೋಗುವಾಗ ಅವಳು ಎದುರಾಗುತ್ತಿದ್ದಳು. ದೂರದಿಂದಲೇ ಅವಳ ಕೆಮ್ಮು ಕೇಳುತ್ತಿತ್ತು. ನನ್ನನ್ನು ಕಂಡೊಡನೆ ನಿಲ್ಲಿಸಿಬಿಡುತ್ತಿದ್ದಳು. ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ತುಟಿ ಬಿಗಿದುಕೊಂಡು ನನ್ನನ್ನು ದಾಟಿ ಹೋಗುತ್ತಿದ್ದಳು. ತೆಳ್ಳಗಾಗಿದ್ದಳು. ಒಂದು ದಿನ ತಡೆದು, "ಡಾಕ್ಟರಿಗೆ ತೋರಿಸೆ" ಅಂದೆ.

"ಏನಕ್ಕೆ? ನಂಗೇನಾಗೈತೆ?"

ಅಷ್ಟು ಹೇಳುವಷ್ಟರಲ್ಲಿ ಉಸಿರು ಕಟ್ಟಿತ್ತು ಅವಳಿಗೆ. ಆದರೂ ಕೆಮ್ಮಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಾಡಿಗೆ ಮನೆ ಖಾಲಿ ಮಾಡಿ ತಮ್ಮನ ಮನೆಗೆ ಹೋದಳು. ಶುಂಠಿ ಕೀಳುವ ಕಾಲ, ಮನೆಯಲ್ಲಿ ಕೆಲಸವಿದೆ ಅಂತ ಬೀದಿಯವರಿಗೆ ಹೇಳಿದಳಂತೆ. ನನಗೆ ಹೇಳಿ ಹೋಗಲಿಲ್ಲ. ಮಾರ್ಚಿನ ಕೊನೆಯಲ್ಲಿ ಅವಳ ತಮ್ಮನ ಹೆಂಡತಿ ರತ್ನ ಫೋನ್ ಮಾಡಿದಳು. ರಕ್ತ ಕಾರಿಕೊಂಡ ಮೇಲೆ ಹಾಸನದ ಆಸ್ಪತ್ರೆಗೆ ಸೇರಿಸಿದ್ದರಂತೆ. ಕ್ಷಯ, ಎರಡೂ ಶ್ವಾಸಕೋಶ ಹಾಳಾಗಿದೆ, ಜೊತೆಗೆ ಸಕ್ಕರೆ ಕಾಯಿಲೆ. ನಾಲ್ಕು ತಿಂಗಳು ಮೊದಲೇ ಬಂದಿದ್ದರೆ ಮಾತ್ರೆಯಲ್ಲೇ ವಾಸಿ ಮಾಡುತ್ತಿದ್ದೆವು ಅಂತ ಡಾಕ್ಟರು ಬೈದರಂತೆ.

"ಓಗಣ ಬಾರಕ್ಕ ಅಂತ ದಿನಾ ಯೋಳ್ತಿದ್ದೆ ಮೇಡಂ," ಎಂದಳು ರತ್ನ. "ನಂಗೆ ಕೆಮ್ಮೇ ಇಲ್ಲ ಅಂತ ಅಟ. ಯಾರೋ ಅವ್ರಿಗೆ ಕೆಮ್ಮೈತೆ ಅಂತ ಸುಳ್ಳು ಯೋಳಿದ್ರಂತೆ. ನಾನು ಆಸ್ಪತ್ರೆಗೋದ್ರೆ ಆ ಸುಳ್ಳು ನಿಜ ಆಯ್ತದೆ, ನಾ ಓಗಲ್ಲ ಅಂತಿದ್ರು. ಎಂಥಾ ಮಾತು ನೋಡಿ. ಯಾರು ಮೇಡಂ ಅದು? ನಿಮ್ಗೇನಾರ ಗೊತ್ತಾ?"

ಗೊತ್ತಿಲ್ಲ ಅಂದೆ. ಐದು ತಿಂಗಳಲ್ಲಿ ಅದು ನನ್ನ ಎರಡನೆಯ ಸುಳ್ಳು.

ಹೋಗಲು ಮೂರು ವಾರ ಬೇಕಾಯಿತು ನನಗೆ. ಏಪ್ರಿಲಿನ ಒಂದು ಮಧ್ಯಾಹ್ನ ಅರಕಲಗೂಡಿನ ಬಸ್ಸಿಳಿದು ಆಟೊ ಹಿಡಿದು ಅವರ ಹಳ್ಳಿಗೆ ಹೋದೆ. ಬಿಸಿಲು ರಣಗುಟ್ಟುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಎತ್ತರದ ಗೋಡೆಯ ಮನೆಗೆ ಬೀಗ ಬಿದ್ದಿತ್ತು, ಅದರ ಹೊರಗೋಡೆಗೆ ಇಳಿಸಿದ್ದ ಶೀಟಿನ ನೆರಳಲ್ಲಿ ಮಂಚ ಹಾಕಿ ಚಂದ್ರಮ್ಮನನ್ನು ಮಲಗಿಸಿದ್ದರು. ಗಾಳಿ ಚೆನ್ನಾಗಿ ಆಡಲಿ ಅಂತ ಡಾಕ್ಟರು ಹೇಳಿದ್ದರಂತೆ. ತಲೆದೆಸೆಯಲ್ಲಿ ಅವಳದೇ ಒಂದು ತಟ್ಟೆ, ಅವಳದೇ ಒಂದು ಲೋಟ ಬೇರೆಯಾಗಿ ಇದ್ದವು. ಅವಳನ್ನು ನೋಡಿದರೆ ಗುರುತು ಸಿಗುವಂತಿರಲಿಲ್ಲ. ನನ್ನನ್ನು ಕಂಡು ಎದ್ದು ಕೂತಳು. ಈಗ ಕೆಮ್ಮನ್ನು ತಡೆಯಲಿಲ್ಲ.

"ಬಿಸ್ಲಲ್ಲಿ ಯಾಕ್ ಬಂದೆ," ಅಂದಳು. ದನಿಯಲ್ಲಿ ಕೋಪವಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

ರತ್ನ ಟೀ ತಂದಳು. ಚಂದ್ರಮ್ಮನ ಲೋಟಕ್ಕೆ ಮೇಲಿನಿಂದ ಸುರಿದು, ನನಗೆ ಬೇರೆ ಲೋಟದಲ್ಲಿ ಕೊಟ್ಟು, ಒಳಗೆ ಹೋದಳು. ಚಂದ್ರಮ್ಮ ಎರಡು ಗುಟುಕು ಕುಡಿದು ಲೋಟವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಇದಕ್ಕೆಂದೇ ನಾನು ಬಂದಿದ್ದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಉರು ಹೊಡೆದಿದ್ದೆ.

"ಚಂದ್ರು, ಆ ಲೋಟ ಕೊಡು ಇಲ್ಲಿ. ಅವತ್ತು ಕುಡೀಬೇಕಾಗಿತ್ತು, ಕುಡೀಲಿಲ್ಲ. ಇವತ್ತು ಕುಡೀತೀನಿ," ಎಂದು ಕೈ ಚಾಚಿದೆ.

 ಅವಳು ಲೋಟವನ್ನು ಮಂಚದ ಆಚೆ ಬದಿಗೆ ಸರಿಸಿದಳು.

"ಬ್ಯಾಡ ಕಣೆ. ಅವತ್ತು ಕಾಯ್ಲೆ ಇರ್ಲಿಲ್ಲ, ಕುಡೀಬೋದಾಗಿತ್ತು. ಈಗ ಐತೆ."

ಅದೇ ಇಪ್ಪತ್ತೆಂಟು ವರ್ಷ ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ನೋಟ್ಸು ಬರೆಸಿದ್ದೇನೆ. ಕ್ಷಯ ಹರಡುವುದು ಗಾಳಿಯಿಂದ, ರೋಗಿ ಕೆಮ್ಮಿದಾಗ. ತಟ್ಟೆ ಲೋಟದಿಂದ ಹರಡುವುದಿಲ್ಲ. ಪಕ್ಕದ ಕ್ಲಾಸಿನಲ್ಲಿ ಪಾಠ ಮಾಡುತ್ತಾ ಅವಳೂ ಅದನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದಾಳೆ. ಲೋಟವನ್ನು ಸರಿಸಿದ ಕೈಯನ್ನು ಅವಳು ಅದರ ಮೇಲೆ ಹಾಗೇ ಇಟ್ಟುಕೊಂಡು ಕಾಯುತ್ತಿದ್ದಳು. ಲೋಟದಿಂದ ಬರಲ್ಲ ಕಣೆ, ಕೊಡು ಅನ್ನುವ ಒಂದು ಮಾತು ಸಾಕಿತ್ತು.

ಚಾಚಿದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. "ಸರಿ ಕಣೆ, ನೀನು ಹೇಳಿದ ಹಾಗೆ," ಅಂದೆ. ಹಾಗೆ ಅನ್ನುವಾಗ ನನ್ನ ಎದೆಯೊಳಗೆ ಏನೋ ಹಗುರವಾಯಿತು, ಮುಖದಲ್ಲೂ ಅದು ಬಂದಿರಬೇಕು. ಚಂದ್ರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಓಗು," ಅಂದಳು, ಗೋಡೆ ಕಡೆ ತಿರುಗಿ ಮಲಗುತ್ತಾ. "ನಾಕೂವರೆ ಬಸ್ಸು ತಪ್ಪೋಯ್ತದೆ."